ಮದರ್ ಇಲ್ಲದೆ ಗಾಳಿ ಬಿಡಲೊಪ್ಪದ ಎಸ್.ಎಂ.ಪಿ.ಎಸ್. ಸಾಹೇಬರಿಗೆ

ಮಾನ್ಯರೇ,

ನಮ್ಮ ಮನೆಯ ಕಂಪ್ಯೂಟರ್ ಡಬ್ಬಿಯ ಮೇಲ್ಮೂಲೆಯಲ್ಲಿ ನಾಲ್ಕು ಸ್ಕ್ರೂಗಳ ಬಲದಿಂದ ಸುಖಾಸೀನರಾಗಿ, ಗೋಡೆಯ ಕರೆಂಟನ್ನೆಲ್ಲ ಹೊಟ್ಟೆಯೊಳಗೆ ಬರಮಾಡಿಕೊಂಡು, ಅದನ್ನು ಹದಮಾಡಿ ಕೆಂಪು, ಹಳದಿ, ಕಪ್ಪು ತಂತಿಗಳ ಮೂಲಕ ಉಳಿದವರಿಗೆ ಹಂಚುವ ಅಧಿಕಾರ ಹೊತ್ತಿರುವ ಪವರ್ ಸಪ್ಲೈ ಪೆಟ್ಟಿಗೆಯಾದ ತಮಗೆ, ಬಿಣಗಾದ ಹೈವೇ ಬದಿಯ ಕಾರ್ಮಿಕರ ವಸತಿಯ ಕೊನೆಯ ಮನೆಯ ತುಳಸಿದಾಸ ಎಂಬವನು ಎರಡೂ ಕೈ ಜೋಡಿಸಿ, ಊರವರೂ ಓದಲಿ ಎಂಬ ಆಸೆಯಿಂದ ಬರೆದುಕೊಳ್ಳುವ ಪತ್ರವಿದು. ಸೆಕೆಯೊಂದನ್ನು ಬಿಟ್ಟರೆ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಕುಳಿತಲ್ಲಿಂದ ಏಳದವರಿಗೆ ಕ್ಷೇಮವಲ್ಲದೆ ಬೇರೇನು ಬರಲು ಸಾಧ್ಯ?

ಮೊದಲಿಗೆ ನನ್ನ ಪರಿಚಯ. ನಾನು ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತ. ಮೇಲಿನವರ ಸಹಿಯಿಲ್ಲದ ಚೀಟಿ ಹಿಡಿದು ಬಂದವರಿಗೆ ಇಂದಿನವರೆಗೂ ಒಂದು ನಟ್ಟನ್ನೂ ಕೊಟ್ಟವನಲ್ಲ. ಒಮ್ಮೆ ಸ್ವತಃ ಮ್ಯಾನೇಜರರು ತಮ್ಮ ಕುರ್ಚಿಯ ಸ್ಕ್ರೂ ಕೇಳಿ ಬಂದಾಗಲೂ ಚೀಟಿ ತನ್ನಿ ಎಂದು ವಾಪಸ್ಸು ಕಳಿಸಿದ್ದೇನೆ. ಹೀಗೆ ಇಲ್ಲ ಎನ್ನುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಕಾರವಾರ ತಾಲೂಕಿನಲ್ಲಿ ಇಲ್ಲವೆಂದು ಬೀಗುತ್ತಿದ್ದೆ. ತಮ್ಮ ಭೇಟಿಯಾದ ಮೇಲೆ ಆ ಗರ್ವ ಇಳಿದಿದೆ.

ನಡೆದದ್ದು ತಮಗೂ ಗೊತ್ತು, ಆದರೂ ಓದುವವರ ಸಲುವಾಗಿ ಹೇಳುತ್ತೇನೆ. ಏಪ್ರಿಲ್ಲಿನ ಮೊದಲ ಗುಡುಗಿಗೆ ಟೆಲಿಫೋನ್ ತಂತಿ ಹಿಡಿದು ಇಳಿದ ಸಿಡಿಲು ಟೆಲಿಫೋನನ್ನು ಬಿಟ್ಟು ನಮ್ಮ ಕಂಪ್ಯೂಟರಿನ ಮದರ್‌ಬೋರ್ಡನ್ನು ಸುಟ್ಟಿತು. ಕಾರವಾರದ ರಿಪೇರಿ ಅಂಗಡಿಯ ಮಂಗೇಶ ಬಂದು, ತಮ್ಮನ್ನೂ ಡಬ್ಬಿಯ ಸೆಕೆ ಕಳೆಯುವ ಮೂರು ಫ್ಯಾನುಗಳನ್ನೂ ಅಲ್ಲೇ ಬಿಟ್ಟು, ಆ ಬೋರ್ಡನ್ನು ಮಾತ್ರ ಪೇಪರಿನಲ್ಲಿ ಸುತ್ತಿಕೊಂಡು ಹೋದ. ಮರುದಿನ ಅವನು ಫೋನು ಮಾಡಿದಾಗ ನಾನು ಪೇಟೆಯಲ್ಲಿದ್ದೆ. ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ನಾಗಕ್ಕ ಫೋನು ಎತ್ತಿದಳು. ಆತ ತನ್ನ ಅಂಗಡಿಯ ಭಾಷೆಯಲ್ಲಿ “ಮದರ್ ಹೋಗಿದೆ, ಹುಬ್ಬಳ್ಳಿಗೆ ಕಳಿಸ್ಬೇಕು” ಎಂದಿದ್ದಾನೆ. ನಾಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಅವ್ಳು ಹೋಗಿ ಹದ್ನಾರು ವರ್ಷ ಆಯ್ತಲ್ಲೋ, ಈಗ ಹುಬ್ಬಳ್ಳಿಗೆ ಯಾರನ್ನ ಕಳಸ್ತಿ? ನಿಂಗೆ ಹೆತ್ತವ್ರು ಯಾರೂ ಇಲ್ವನಾ?” ಎಂದು ಝಾಡಿಸಿ ಫೋನು ಕುಕ್ಕಿದ್ದಾಳೆ. ಮಂಗೇಶ ಅಂದಿನಿಂದ ನಮ್ಮ ಮನೆಗೆ ಫೋನು ಮಾಡಲು ಹೆದರುತ್ತಾನೆ.

ನಾಗಕ್ಕ ಹೇಳಿದ್ದು ನನ್ನ ಹೆಂಡತಿ ಚಂಪಾಳ ವಿಷಯ. ಮಗಳು ವಿನುತಾಳಿಗೆ ಏಳು ವರ್ಷವಾಗಿದ್ದಾಗ ಅವಳು ತೀರಿಕೊಂಡಳು. ವಿನುತಾ ಈಗ ಮನೆಯಲ್ಲೇ ಕಂಪ್ಯೂಟರಿನಲ್ಲಿ ಊರವರ ಮದುವೆ ಕರೆಯೋಲೆಗಳನ್ನು ಟೈಪು ಮಾಡಿಕೊಡುತ್ತಾಳೆ, ಆದರೆ ಅವಳದೇ ಕರೆಯೋಲೆಗೆ ದಾರಿಯಾಗಿರಲಿಲ್ಲ. ಎರಡು ಸಂಬಂಧದವರು ಬಂದು, ಹುಡುಗಿಯನ್ನು ಮೆಚ್ಚಿ, ಅವಲಕ್ಕಿ ತಿಂದು, ಚಹಾ ಕುಡಿದು, ರಸ್ತೆಗಿಳಿದ ಮೇಲೆ “ತಾಯಿಲ್ಲದ ಮನೆ” ಎಂದು ಹಿಂದೆ ಸರಿದಿದ್ದರು. ಹೇಗೋ ಕೂಡಿಬಂದರೂ ಇನ್ನೊಂದು ಮುಳ್ಳಿತ್ತು. ಧಾರೆಗೆ ದಂಪತಿ ಬೇಕು, ಹೆಂಡತಿಯಿಲ್ಲದವನು ಎರೆಯುವಂತಿಲ್ಲ, ಆದ್ದರಿಂದ ನನ್ನ ತಂಗಿಯೂ ಅವಳ ಗಂಡ ಬೀರಾನೂ ಮಂಟಪದಲ್ಲಿ ಕೂರುವುದೆಂದೂ, ಮಗಳಿಗೆ ಜಡೆ ಹೆಣೆದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ, ಬಂಗಡೆ ಮೀನಿನ ಮುಳ್ಳು ಬಿಡಿಸಿ ಉಣ್ಣಿಸಿದ ನಾನು ಹಿಂದೆ ಬಾಳೆಲೆಯ ಉಸ್ತುವಾರಿ ನೋಡುವುದೆಂದೂ ಮನೆಯವರು ಆಗಲೇ ಮಾತಾಡಿಕೊಂಡಿದ್ದರು. ಬಹಳ ನೋವಾಯಿತು ಸಾಹೇಬರೇ. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ತಮ್ಮ ಹತ್ತಿರ ಹೇಳುತ್ತಿದ್ದೇನೆ.

ಈ ನಡುವೆ ಅಂಕೋಲೆಯಿಂದ ಮೂರನೆಯ ಸಂಬಂಧ ಬಂತು. ಬೀರಾ ದೊಡ್ಡ ಬುದ್ಧಿವಂತ. “ಭಾವಾ, ಒಂದು ಇಲ್ಲ ಅಂದ್ಮೇಲೆ ಇನ್ನೊಂದು ಅದೆ ಅಂತ ತೋರಿಸ್ಬೇಕು. ಅವರು ಬರೂವಾಗ ಕಂಪ್ಯೂಟರ್ ಚಾಲೂ ಇರ್ಲಿ” ಎಂದ. ಮದರ್‌ಬೋರ್ಡೇ ಇಲ್ಲವಲ್ಲೋ ಎಂದರೆ, “ಬೋರ್ಡು ಯಾರಿಗೆ ಕಾಣ್ತದೆ? ಫ್ಯಾನು ತಿರುಗ್ಲಿ, ಅದ್ರ ನೀಲಿ ಲೈಟು ಉರೀಲಿ, ಟಿ.ವಿ.ಯಂಥದ್ದರ ಮೇಲೆ ಒಂದು ಕಸೂತಿ ಬಟ್ಟೆ ಹಾಕಿದ್ರೆ ಆಯ್ತು” ಎಂದ. ಈ ಯೋಜನೆಯ ಯಶಸ್ಸು ತಮ್ಮೊಬ್ಬರನ್ನೇ ಅವಲಂಬಿಸಿತ್ತು.

ಆಗ ಬೆಳಗಿತು ನೋಡಿ ತಮ್ಮ ಕರ್ತವ್ಯನಿಷ್ಠೆ! ಮೂರೂ ಫ್ಯಾನುಗಳನ್ನು ತಮ್ಮ ಬಿಳಿ ಪ್ಲಗ್ಗುಗಳಿಗೆ ಸಿಕ್ಕಿಸಿ ಗೋಡೆಯ ಸ್ವಿಚ್ಚು ಒತ್ತಿದರೆ ಒಂದು ರೆಕ್ಕೆಯೂ ಅಲುಗಲಿಲ್ಲ. ಪ್ಲಗ್ಗು ತಿರುಗಿಸಿ ಹಾಕಿದೆ, ಬೆನ್ನು ತಟ್ಟಿದೆ, ಊದುಬತ್ತಿ ಹಚ್ಚಿದೆ, ಕೊನೆಗೆ ಬಾಯಿಗೆ ಬಂದಂತೆ ಬೈದೂ ನೋಡಿದೆ. ಕರೆಂಟು ಹೊಟ್ಟೆಯೊಳಗಿದೆ, ಕೇಳುವವರು ಎದುರಿಗಿದ್ದಾರೆ, ಕೊಟ್ಟರೆ ತಮ್ಮ ಅಪ್ಪನ ಗಂಟು ಏನೂ ಹೋಗುವುದಿಲ್ಲ; ಆದರೂ ಮದರ್ ಎಲ್ಲಿ, ಮದರ್ ಬಂದು ಹೇಳಲಿ, ಆಮೇಲೆ ನೋಡೋಣ ಎಂಬ ಒಂದೇ ಹಟ. ಅವಲಕ್ಕಿ ತಿಂದು ಹೋದ ಆ ಎರಡು ಸಂಬಂಧದವರಾದರೂ ರಸ್ತೆಗಿಳಿಯುವವರೆಗೆ ಸುಮ್ಮನಿದ್ದರು, ತಾವು ನಮ್ಮ ಮನೆಯೊಳಗೇ ಕುಳಿತು ಅದೇ ಪ್ರಶ್ನೆ ಕೇಳಿದಿರಿ. ತಮ್ಮನ್ನು ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ಬಂದಿತ್ತು ಎಂಬುದನ್ನು ಗೌರವಪೂರ್ವಕವಾಗಿ ತಿಳಿಸುತ್ತೇನೆ.

ವಿನುತಾ ಮಾತ್ರ ಸಿಟ್ಟು ಮಾಡಿಕೊಳ್ಳದೆ ಕಾರವಾರದ ಸೈಬರ್ ಕೆಫೆಗೆ ಹೋಗಿ ತಮ್ಮ ಜಾತಕವನ್ನೇ ಓದಿಕೊಂಡು ಬಂದಳು. ಮದರ್‌ಬೋರ್ಡು ಮಾಡುವ ಮಹಾಕಾರ್ಯ ಏನೆಂದರೆ, ತಮ್ಮ ದೊಡ್ಡ ಪ್ಲಗ್ಗಿನಲ್ಲಿರುವ ಒಂದೇ ಒಂದು ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಮುಟ್ಟಿಸುವುದು! ಅಷ್ಟಕ್ಕೆ ಇಷ್ಟು ಬಿಗುಮಾನವೇ? ಅವಳು ತಲೆಯ ಪಿನ್ನೊಂದನ್ನು ತೆಗೆದು, ಅದರ ತುದಿಯ ಕಪ್ಪು ಬಣ್ಣವನ್ನು ಬ್ಲೇಡಿನಿಂದ ಕೆರೆದು, ಹಸಿರಿಗೂ ಕಪ್ಪಿಗೂ ಸೇತುವೆ ಮಾಡಿ, ಆಮೇಲೆ ಗೋಡೆಯ ಸ್ವಿಚ್ಚು ಹಾಕಿದಳು. ತಾವು ಗುರ್ ಎಂದಿರಿ, ಫ್ಯಾನುಗಳು ತಿರುಗಿದವು, ಒಂದು ಗಳಿಗೆಯಲ್ಲಿ ಮತ್ತೆ ನಿಂತವು. ಮೂರು ಫ್ಯಾನಿನ ಭಾರ ತಮ್ಮ ಘನತೆಗೆ ಸಾಲದಂತೆ, ಇನ್ನಷ್ಟು ಹೇರಬೇಕಂತೆ. ಹಳೆಯ ಸಿ.ಡಿ. ಡ್ರೈವೊಂದನ್ನು ಜೋಡಿಸಿದ ಮೇಲೆ ತಾವು ಕೆಲಸಕ್ಕೆ ಹಾಜರಾದಿರಿ. ಭಾರ ಹೇರದೆ ಕೆಲಸ ಮಾಡದವರನ್ನು ನಾನು ಬೇರೆ ಕಚೇರಿಗಳಲ್ಲೂ ಕಂಡಿದ್ದೇನೆ.

ಭಾನುವಾರ ಮಧ್ಯಾಹ್ನ ಅಂಕೋಲೆಯವರು ಬಂದರು. ಹುಡುಗ ನಿತೇಶ ಗೇರುಬೀಜದ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವವನು, ಮಾತು ಕಡಿಮೆ. ತಾಯಿ ಮಾದೇವಿ ಗಂಡ ಸತ್ತ ಮೇಲೆ ಪೇಟೆಯಲ್ಲಿ ಒಣಮೀನು ಮಾರಿ ಇಬ್ಬರು ಮಕ್ಕಳನ್ನು ಬೆಳೆಸಿದ ಹೆಂಗಸು, ಮಾತು ಕಡಿಮೆಯಲ್ಲ. ಅವಳು ಕುಳಿತವಳೇ ನೇರವಾಗಿ, “ತಾಯಿಲ್ಲದ ಹುಡುಗಿ, ಮೀನು ಸಾರಿಗೆ ಹುಳಿ ಎಷ್ಟು ಅಂತ ಯಾರು ಹೇಳ್ಕೊಟ್ರು?” ಎಂದು ಕೇಳಿದಳು. ಸರಿಯಾಗಿ ಆಗಲೇ ಪಿನ್ನು ಜಾರಿತು. ಲೈಟು ಆರಿತು, ಫ್ಯಾನುಗಳು ನಿಂತವು. ತಮ್ಮ ಸಮಯಪ್ರಜ್ಞೆಗೆ ನಮೋ ನಮಃ.

ಎಂತಾಯ್ತು ಎಂದು ನಿತೇಶ ಕೇಳಿದ್ದಕ್ಕೆ ಗಾಬರಿಯಲ್ಲಿ ನನ್ನ ಬಾಯಿಂದ, “ಮದರ್ ಹುಬ್ಬಳ್ಳಿಗೆ ಹೋಗಿದೆ” ಎಂಬ ಮಾತು ಹೊರಬಿತ್ತು. ಮದರ್ ಎಂದರೆ ಏನೆಂದು ಮಾದೇವಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ದೇವರೇ, ತೀರ್ಕೊಂಡ್ರು ಅಂದಿದ್ರಲ್ಲ! ಹುಬ್ಬಳ್ಳೀಲಿ ಇದ್ದಾರಾ? ಯಾರ ಸಂಗ್ತಿಗೆ?” ಎಂದಳು. ಬೀರಾ ಕಿಟಕಿಯ ಹೊರಗೆ ನೋಡತೊಡಗಿದ. ನನ್ನ ಚಂಪಾಳ ಮರ್ಯಾದೆಯನ್ನು ಸತ್ತ ಮೇಲೆ ನಾನೇ ತೆಗೆದೆನಲ್ಲ ಎಂದು ನನಗೆ ನೆಲ ಬಿರಿದರೆ ಸಾಕೆನಿಸಿತು.

ವಿನುತಾ ಎದ್ದಳು. ಸ್ವಿಚ್ಚು ಆರಿಸಿ, ಉಟ್ಟ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತು ಡಬ್ಬಿಯ ಪಕ್ಕದ ತಗಡು ಕಳಚಿ ಎಲ್ಲರೆದುರು ತೆರೆದಿಟ್ಟಳು. “ಬನ್ನಿ, ನೋಡಿ. ಮದರ್ ಅಂದ್ರೆ ಇಲ್ಲಿ ಇರೂ ಬೋರ್ಡು. ಅದು ಸುಟ್ಟು ಹೋಗಿದೆ. ನಿಮಗೆ ತೋರ್ಸಬೇಕು ಅಂತ ಬರೀ ಫ್ಯಾನು ತಿರುಗ್ಸಿ ಇಟ್ಟಿದ್ವು, ತಪ್ಪಾಯ್ತು. ನನ್ನ ಆಯಿ ಇಲ್ಲ. ಸಾರಿಗೆ ಹುಳಿ ಹಾಕೂಕೆ ಕಲ್ಸಿದ್ದು ಅಪ್ಪ” ಎಂದು, ಪಿನ್ನನ್ನು ಸರಿಯಾಗಿ ಕೂರಿಸಿ, ಸ್ವಿಚ್ಚು ಹಾಕಿದಳು. ಗಾಳಿ ಬಂತು. “ಮದರ್ ಇಲ್ಲದೇ ಇದ್ರೂ ಬರ್ತದಲ್ಲ?” ಎಂದು ಕೇಳಿ ಅವಳು ಎದ್ದು ನಿಂತಾಗ ನನಗೆ ಭಯವೂ ಹೆಮ್ಮೆಯೂ ಒಟ್ಟಿಗೇ ಆದವು.

ಮಾದೇವಿ ಖಾಲಿ ಡಬ್ಬಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ಕುರ್ಚಿಯನ್ನು ಗಾಳಿಗೆ ಹತ್ತಿರ ಎಳೆದುಕೊಂಡು ಕುಳಿತು, ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. ಸುಮ್ಮನಿರಲಾರದ ಬೀರಾ, ಧಾರೆಗೆ ಏನೂ ತೊಂದರೆಯಿಲ್ಲ, ನಾನೂ ನನ್ನ ಹೆಂಡತಿಯೂ ಕೂರುತ್ತೇವೆ ಎಂದು ಶುರುಮಾಡಿದ. ಮಾದೇವಿ ಅವನನ್ನು ಕೈಯೆತ್ತಿ ತಡೆದಳು. “ನನ್ನ ಮಗಳ ಮದ್ವೇಲಿ ಗಂಡ ಇಲ್ಲದವ್ಳು ಅಂತ ನನ್ನ ಅಡಗಿ ಮನೇಲಿ ಕೂರ್ಸಿದ್ರು. ಧಾರೆ ನೀರು ಬಿದ್ದದ್ದು ನಾ ಕಾಣ್ಲಿಲ್ಲ. ಈ ಡಬ್ಬಿ ಮದರ್ ಇಲ್ಲದೆ ತಿರುಗ್ತದೆ, ಹೆಂಡ್ತಿ ಇಲ್ಲದೆ ಈ ಅಪ್ಪಗೆ ಒಂದು ಚೊಂಬು ನೀರು ಎರಿಯೂಕೆ ಬರೂದಿಲ್ವನಾ? ಇವರೇ ಎರೀಲಿ, ಹಂಗಾದ್ರೆ ಮಾತ್ರ ನಮ್ಗೆ ಒಪ್ಗಿ” ಎಂದಳು. ನಾನು ಅತ್ತುಬಿಟ್ಟೆ ಸಾಹೇಬರೇ, ನೆಂಟರೆದುರಿಗೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಕೆಲವೇ. ತಾವು ದಯವಿಟ್ಟು ಡಬ್ಬಿಯಿಂದ ಇಳಿದು ಬಂದು, ಆ ಮೊದಲಿನ ಎರಡು ಸಂಬಂಧದವರ ಮನೆಗೆ ಸ್ವತಃ ಹೋಗಿ, ತಾಯಿಯಿಲ್ಲದೆ ಏನೂ ನಡೆಯುವುದಿಲ್ಲವೆಂಬ ತಮ್ಮ ಮತ್ತು ಅವರ ಸಮಾನ ಅಭಿಪ್ರಾಯವನ್ನು ಹಿಂತೆಗೆದುಕೊಂಡಿರುವುದಾಗಿ ತಿಳಿಸಬೇಕು. ಅವರು ತಿಂದ ಅವಲಕ್ಕಿಯ ಬಾಬ್ತು ಒಂದು ಕ್ಷಮೆಯನ್ನೂ ಅಲ್ಲಿಂದ ತರಬೇಕು. ಇನ್ನು ಮುಂದೆ ಹುಟ್ಟುವ ತಮ್ಮ ಕುಲದವರು ಎದುರಿಗೆ ಬೆವರುತ್ತ ನಿಂತವರನ್ನು ಕಂಡಕೂಡಲೇ, ಯಾರ ಅಪ್ಪಣೆಗೂ ಕಾಯದೆ ಗಾಳಿ ಬಿಡುವಂತೆ ಉಪದೇಶಿಸಬೇಕು. ಹಾಗೆ ಮಾಡಿದಲ್ಲಿ ನನ್ನ ಸ್ಟೋರಿನಿಂದ ತಮಗೆ ನಾಲ್ಕು ಹೊಸ ಸ್ಕ್ರೂಗಳನ್ನು ಚೀಟಿ ಇಲ್ಲದೆಯೇ ಕೊಡಿಸುವ ಭರವಸೆ ನೀಡುತ್ತೇನೆ, ಇದಕ್ಕಿಂತ ದೊಡ್ಡ ತ್ಯಾಗ ನನ್ನ ಸರ್ವೀಸಿನಲ್ಲಿ ಇಲ್ಲ.

ಮೇಲಿನವರ ಸಹಿಗೆ ಈ ಒಂದು ವಿಷಯದಲ್ಲಿ ಕಾಯದಿರಲು ನಿಶ್ಚಯಿಸಿರುವ,
ತಮ್ಮ ವಿಶ್ವಾಸಿ,
ತುಳಸಿದಾಸ
ಬಿಣಗಾ

ತಾ.ಕ.: ಮದುವೆ ಮೇ ತಿಂಗಳಲ್ಲಿ, ಮಂಟಪದಲ್ಲಿ ಸೆಕೆ ಜೋರಿರುತ್ತದೆ, ಆದ್ದರಿಂದ ತಮ್ಮನ್ನು ಫ್ಯಾನುಗಳ ಸಮೇತ ಭಟ್ಟರ ಬೆನ್ನ ಹಿಂದೆಯೇ ಕೂರಿಸುವುದೆಂದು ವಿನುತಾ ತೀರ್ಮಾನಿಸಿದ್ದಾಳೆ. ನಿನ್ನೆ ಭಟ್ಟರು ಬಂದು, ಎಲ್ಲ ಸರಿ, ಆದರೆ ಧಾರೆಗೆ ಪತ್ನಿ ಎಲ್ಲಿ ಎಂದು ಮತ್ತೆ ರಾಗ ಎಳೆದಿದ್ದಾರೆ. ಮದುವೆಯಂದು ಅವರು ಅದೇ ಪ್ರಶ್ನೆಗೆ ಬಾಯಿ ತೆರೆದ ಕೂಡಲೇ ತಾವು ಅವರ ಪಂಚಾಂಗ ಅಂಗಳಕ್ಕೆ ಹಾರಿಹೋಗುವಷ್ಟು ಗಾಳಿ ಬಿಡತಕ್ಕದ್ದು. ಅವರು ಅದನ್ನು ಹೆಕ್ಕಿಕೊಂಡು ಬರುವಷ್ಟರಲ್ಲಿ ನಾನು ನೀರು ಎರೆದು ಮುಗಿಸಿರುತ್ತೇನೆ.