ಚಿಕ್ಕಪ್ಪ ಸುತ್ತಿದ ಹಸಿರು ಗುಡ್ಡ

ನಮ್ಮ ಚಿಕ್ಕಪ್ಪನಿಗೆ ದೇವರು ಬುದ್ಧಿ ಧಾರಾಳವಾಗಿ ಕೊಟ್ಟಿದ್ದ, ದಿಕ್ಕು ಮಾತ್ರ ಕೊಡಲು ಮರೆತಿದ್ದ. ಯಲಹಂಕದಿಂದ ಯಶವಂತಪುರಕ್ಕೆ ಹೊರಟು ಬ್ಯಾಟರಾಯನಪುರದಲ್ಲಿ ಇಳಿದು, ಕಂಡಕ್ಟರನನ್ನೇ ದಬಾಯಿಸಿದವರು ಅವರು. ಅಂಥವರನ್ನು ಎಂಬತ್ತರ ದಶಕದಲ್ಲಿ ಕಾರ್ಖಾನೆಯವರು ಹೊಸ ಯಂತ್ರ ಕಲಿತು ಬರಲು ಕೊರಿಯಾಕ್ಕೆ ಕಳಿಸಿದರು. ಕಾರ್ಖಾನೆಯವರ ಧೈರ್ಯಕ್ಕೆ ಏನು ಹೇಳೋಣ!

ಆಗ ಚಿಕ್ಕಮ್ಮನ ಹೊಟ್ಟೆಯಲ್ಲಿ ಗೆಡ್ಡೆ. ಇವರು ವಾಪಸು ಬಂದ ಮೇಲೆ ಆಪರೇಷನ್ ಎಂದು ನಿಶ್ಚಯವಾಗಿತ್ತು. ಅದೇ ಚಿಂತೆ ಹೊತ್ತು ಒಂದು ಭಾನುವಾರ ಗ್ಯೊಂಗ್ಜು ಎಂಬ ಹಳೇ ರಾಜಧಾನಿ ನೋಡಲು ಹೋದರು. ನಕ್ಷತ್ರ ನೋಡಲು ಕಟ್ಟಿದ ಕಲ್ಲುಗೋಪುರ ಕಂಡು, 'ಬಾವಿಕಟ್ಟೆ ಇಷ್ಟೆತ್ತರ ಕಟ್ಟಿದ್ರೆ ನೀರು ಸೇದೋದು ಹೆಂಗೆ?' ಎಂದು ಮರುಗಿದರಂತೆ. ಮುಂದೆ ನೋಡಿದರೆ ಊರ ನಡುವೆಯೇ ದುಂಡನೆಯ ಹಸಿರು ಗುಡ್ಡಗಳು. ಗುಡ್ಡವೆಂದ ಮೇಲೆ ದೇವರು ಇರಲೇಬೇಕಲ್ಲವೆ? ಚಪ್ಪಲಿ ಬಿಟ್ಟು, ಕೈಮುಗಿದು, 'ಅವಳನ್ನ ಉಳಿಸಪ್ಪ, ಅವಳ ಕೈಲೂ ಮೂರು ಸುತ್ತು ಹಾಕಿಸ್ತೀನಿ' ಎಂದು ಹರಕೆ ಹೊತ್ತು ಒಂದು ಗುಡ್ಡಕ್ಕೆ ಹನ್ನೊಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ಗೊತ್ತಾಯಿತು, ಅದು ಮಣ್ಣು ಪೇರಿಸಿ ಕಟ್ಟಿದ ಯಾವನೋ ರಾಜನ ಗೋರಿ!

ಊರಿಗೆ ಬಂದವರು ಗೇಟಿನ ಹೊರಗೇ ನಿಂತರು.

"ಮುಟ್ಬೇಡ ಕಣೇ. ಗೋರಿ ಸುತ್ತಿ ಬಂದಿದೀನಿ. ಒಂದು ಬಿಂದಿಗೆ ನೀರು ತಾ."

"ರಾಜ ಸತ್ತು ಎಷ್ಟು ದಿನ ಆಯ್ತು?" ಎಂದರು ಚಿಕ್ಕಮ್ಮ.

"ಸಾವಿರ ವರ್ಷದ ಮೇಲಾಯ್ತಂತೆ."

"ಸೂತಕ ಇನ್ನೂ ಮುಗಿದಿಲ್ವೇನ್ರೀ?"

ತಲೆಗೆ ನೀರೇನೋ ಬಿತ್ತು, ಗೊಂದಲ ಇಳಿಯಲಿಲ್ಲ. ಸತ್ತವನ ಹತ್ತಿರ ಹೆಂಡತಿಯ ಆಯಸ್ಸು ಬೇಡಿದರೆ ಫಲಿಸುತ್ತದೋ, ತಿರುಗಿ ಅವಳಿಗೇ ಬಡಿಯುತ್ತದೋ? ಪುರೋಹಿತರನ್ನು ಕೇಳಿದರು. ಅವರು ಗಂಭೀರವಾಗಿ ಪಂಚಾಂಗ ಬಿಡಿಸಿ, "ರಾಜನ ಗೋತ್ರ ಯಾವುದು?" ಎಂದರು. ಹರಕೆ ರದ್ದು ಮಾಡಿಬಿಡೋಣವೆಂದು ಚಿಕ್ಕಪ್ಪ ಅಂಗಳದಲ್ಲಿ ಉಲ್ಟಾ ಸುತ್ತಲು ಶುರುಮಾಡಿದರು. ಮೂರನೇ ಸುತ್ತಿಗೆ ಯಾವುದು ಉಲ್ಟಾ, ಯಾವುದು ಸರಿ ಎಂಬುದೇ ಮರೆತು ಬಾವಿಯ ಪಕ್ಕ ಕೂತರು. ಆಪರೇಷನ್ನಿನ ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ.

ಚಿಕ್ಕಮ್ಮ ಉಳಿದರು. ಮನೆಗೆ ಬಂದ ವಾರಕ್ಕೆ, ಚಿಕ್ಕಪ್ಪ ತಂದಿದ್ದ ಗೋರಿಯ ಚಿತ್ರದ ಕಾರ್ಡನ್ನು ಅಂಗಳದ ಸ್ಟೂಲಿನ ಮೇಲೆ ಇಟ್ಟರು.

"ಅದು ಗೋರಿ ಕಣೇ."

"ಗೊತ್ತು ರೀ. ನೀವು ಕೇಳ್ಕೊಂಡ್ರಿ, ಪಾಪ, ಆತ ಕೇಳಿಸ್ಕೊಂಡ. ಕೈ ಹಿಡ್ಕೊಳ್ಳಿ, ಮೂರು ಸುತ್ತು ಹಾಕ್ಬೇಕು."

ಚಿಕ್ಕಪ್ಪ ಕೈಯೇನೋ ಹಿಡಿದರು, ಯಾವ ಕಡೆಯಿಂದ ಸುತ್ತಬೇಕೆಂದು ತಿಳಿಯದೆ ನಿಂತುಬಿಟ್ಟರು. ಚಿಕ್ಕಮ್ಮ ಹೊಲಿಗೆಯ ನೋವು ನುಂಗಿಕೊಂಡು, ಅವರನ್ನು ಮೆಲ್ಲಗೆ ಸರಿಯಾದ ಕಡೆಗೆ ತಿರುಗಿಸಿದರು. ನಗಬೇಕೆಂದು ಬಾಗಿಲಲ್ಲಿ ನಿಂತಿದ್ದ ನನಗೆ ಅಳು ಬಂತು.