ಗುಳಿಗೆ ಮೇಷ್ಟ್ರು ಬಾಯಿ ಮುಚ್ಚಿದ ದಿನ

ಗುಳಿಗೆ ಮೇಷ್ಟ್ರು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ನಾರು ಪಾತ್ರೆಗೆ ಬೀಳುತ್ತಿತ್ತು, ಕಾಯಿ ಕಸಕ್ಕೆ.

"ಏನ್ರೀ, ಇವತ್ತು ನಾರನ್ನೇ ಬೇಯಿಸ್ಲಾ?" ಎಂದಳು ಹೆಂಡತಿ. ಮೇಷ್ಟ್ರು ನಕ್ಕು, ಕಸದಿಂದ ಕಾಯಿ ಹೆಕ್ಕಿದರು. ಬೆಳಗಿನಿಂದ ಅವರು ಮಾತು ಬಿಟ್ಟಿದ್ದರು.

ಅವರು ಮೇಷ್ಟ್ರೂ ಅಲ್ಲ, ಯಾರಿಗೂ ಗುಳಿಗೆ ಕೊಟ್ಟವರೂ ಅಲ್ಲ; ಕೇಳಿದವರಿಗೆಲ್ಲ ಆರೋಗ್ಯದ ಪಾಠ ಹೇಳಿ ಬೀದಿಯಲ್ಲಿ ಗಳಿಸಿದ ಹೆಸರು ಅದು. ವಾರಪತ್ರಿಕೆಗೆ ವಿಜ್ಞಾನ, ಆರೋಗ್ಯ ಅಂತ ಮನೆಯಲ್ಲೇ ಕೂತು ಬರೆದು ಸಂಸಾರ ತೂಗಿಸಿದವರು. ಹರೆಯದಲ್ಲಿ ಆಸ್ಪತ್ರೆಯ ಬೆಂಚು ಸವೆಸಿ, ಊಟಕ್ಕೆ ಹೊರಟ ಡಾಕ್ಟರ ಬೆನ್ನು ಹತ್ತಿ ಒಂದೊಂದೇ ಸಂಗತಿ ಕೇಳಿ ತಿಳಿಯುತ್ತಿದ್ದರು. ಬರೆದದ್ದನ್ನು ಮೊದಲು ಹೆಂಡತಿಗೆ ಓದಿ ಹೇಳುವುದು. ಅವಳು ಆಕಳಿಸಿದ ಕಡೆಯೆಲ್ಲ ಹೊಡೆದುಹಾಕುವುದು. ಆಗಿನ ಸಂಪಾದಕರು ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು: "ನೀನು ಮಾಡಿ ನೋಡದ ಸಲಹೆ ಓದೋರಿಗೆ ಕೊಡಬೇಡ. ಕೆಳಗೆ ನಿನ್ನ ಹೆಸರು ಮಾತ್ರ ಬೇಡಪ್ಪ, ಇವನೇನು ಡಾಕ್ಟ್ರಾ ಅಂತ ಕೇಳ್ತಾರೆ."

ಆ ಸಂಪಾದಕರು ಹೋದರು. ಅಚ್ಚಿನ ಮೊಳೆಗಳು ಹೋದವು, ಮಸಿಯ ವಾಸನೆಯೂ ಹೋಯಿತು. ಅಂಕಣ ಮಾತ್ರ ಹೆಸರಿಡದ ಕೂಸಿನಂತೆ ಬೆಳೆದು, ಮೇಷ್ಟ್ರ ಜೊತೆಗೇ ನರೆಯಿತು. ಒಂದೇ ಒಂದು ಸಲ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂಬುದು ಅವರಿಗೆ ಉಳಿದಿದ್ದ ಆಸೆ. 'ಇನ್ನಾದರೂ ನನ್ನ ಹೆಸರು ಹಾಕಿ' ಎಂದು ಈಗಿನ ಸಂಪಾದಕರಿಗೆ ಕಾಗದ ಬರೆದು ವರ್ಷಗಳೇ ಆಗಿದ್ದವು. ಕಳಿಸಲು ಸಂಕೋಚ.

ಈ ವಾರದ ವಿಷಯ ಗಂಟಲಿಗೆ ವಿಶ್ರಾಂತಿ. ಮಾಡಿ ನೋಡಬೇಕಲ್ಲ! ಸಂಜೆಯವರೆಗೆ ತುಟಿ ಬಿಚ್ಚುವಂತಿಲ್ಲ.

ಹೆಂಡತಿ ಚೀಲ ಹಿಡಿದು ಮಾರ್ಕೆಟ್ಟಿಗೆ ಹೋದದ್ದೇ ತಡ, ಪಕ್ಕದ ಮನೆಯ ದೊಡ್ಡಮ್ಮ ಬಂದರು. "ಏನಪ್ಪಾ, ಈ ಹಾಳು ತಲೆನೋವಿಗೆ ಏನು ಮಾಡ್ಲಿ?" ಮೇಷ್ಟ್ರು ಗಂಟಲು ತೋರಿಸಿ, ಕೈಯಾಡಿಸಿ, ಬಾಯಿಯ ಮೇಲೆ ಬೆರಳಿಟ್ಟರು.

"ಅಯ್ಯಯ್ಯೋ! ಮಾತು ಬಿದ್ದುಹೋಯ್ತಲ್ಲಪ್ಪಾ!"

ಆ ಕೂಗಿಗೆ ಅರ್ಧ ಬೀದಿ ಒಳನುಗ್ಗಿತು. ಎಲ್ಲರ ಮುಂದೆ ಔಷಧಿ ಅಂಗಡಿಯವನು. ಮೇಷ್ಟ್ರು ಗಡಿಬಿಡಿಯಲ್ಲಿ ಹಾಳೆಯ ಮೇಲೆ ವಿಷಯ ಬರೆದು ತೋರಿಸಿದರು. ಡಾಕ್ಟರಾಗದಿದ್ದರೂ ಅವರ ಕೈಬರಹ ಮಾತ್ರ ಅಪ್ಪಟ ಡಾಕ್ಟರದು.

"ನೋಡಿ, ಲಕ್ವ ಕೈಗೂ ಇಳಿದಿದೆ. ಒಂದಕ್ಷರ ಮೂಡ್ತಿಲ್ಲ!" ಎಂದ ಅಂಗಡಿಯವನು ಮೇಷ್ಟ್ರನ್ನು ಅಡ್ಡ ಮಲಗಿಸಿ, ಕಿವಿಗೆ ಈರುಳ್ಳಿ ರಸ ಬಿಟ್ಟ. ಮೇಷ್ಟ್ರು ಏಳಲು ಹೋದರೆ ನಾಲ್ಕು ಜನ ಅಮುಕಿ ಹಿಡಿದರು.

ಸುತ್ತ ಕೂತವರು, ಮನುಷ್ಯ ಆಗಲೇ ಹೋದನೇನೋ ಎಂಬಂತೆ, ಹಳೆಯದನ್ನೆಲ್ಲ ತೆಗೆದರು. "ಮಕ್ಕಳಿಗೆಲ್ಲ ಭೇದಿ ಹತ್ತಿತ್ತಲ್ಲ ಆ ವರ್ಷ," ಎಂದರು ದೊಡ್ಡಮ್ಮ. "ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸಿ ಅಂತ, ಅಳತೆ ಸಮೇತ ಪೇಪರಲ್ಲಿ ಬಂದಿತ್ತು. ನಮ್ಮ ದೊಡ್ಡೋನು ಉಳಿದದ್ದೇ ಅದರಿಂದ. ಆ ತುಂಡು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿದ್ದೀನಿ. ಈಗ ಅಕ್ಷರ ಮಾಸಿದೆ, ಆದ್ರೂ ಕೀಳೋಕೆ ಮನಸ್ಸು ಬರಲ್ಲ."

ಮೇಷ್ಟ್ರು ಒದ್ದಾಡುವುದನ್ನು ಬಿಟ್ಟರು. ಅಂದು ಆ ನೀರನ್ನು ಕಲಸಿ ಕಲಸಿ, ತಾವೂ ಕುಡಿದು ಹೆಂಡತಿಗೂ ಕುಡಿಸಿ, ಇಬ್ಬರೂ ಊಟವೇ ಬೇಡ ಎಂದು ನಗುತ್ತ ಕೂತಿದ್ದ ಆ ಒಂಟಿಕೋಣೆಯ ಮನೆ ಕಣ್ಣಮುಂದೆ ಬಂತು. ಬರೆದದ್ದು ಒಂದು ಮಗುವನ್ನು ಉಳಿಸಿತ್ತು, ಅದೂ ಪಕ್ಕದ ಮನೆಯಲ್ಲೇ!

"ಇವ್ರಲ್ವಾ ಅದನ್ನ ಬರ್ದಿದ್ದು?" ಎಂದು ಯಾರೋ ಕೇಳಿದರು.

"ಇವನೆಲ್ಲಿ!" ಎಂದರು ದೊಡ್ಡಮ್ಮ. "ನಮ್ಮ ಅಂಗಡಿಯಣ್ಣ ಬರ್ದಿದ್ದು. ಅವನೇ ಹೇಳಿದ್ದಾನೆ."

ಅಂಗಡಿಯವನು ಹೊಸ ಮದುಮಗನಂತೆ ನೆಲ ನೋಡಿದ. "ಏನೋ, ಕೈಲಾದ ಸೇವೆ."

"ಅದು ನಾನು ಬರ್ದಿದ್ದು!" ಮೇಷ್ಟ್ರು ಸ್ಪ್ರಿಂಗಿನಂತೆ ಚಿಮ್ಮಿ ಕೂತರು.

"ಬಂತು! ಮಾತು ಬಂತು!" ಏನು ಹೇಳಿದರೆಂದು ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಅಂಗಡಿಯವನ ಬೆನ್ನು ತಟ್ಟುತ್ತ, ಅವನ ಹಿಂದೆಯೇ ಹೊರಟುಹೋದರು.

ಮಾರ್ಕೆಟ್ಟಿನಿಂದ ಬಂದ ಹೆಂಡತಿ ಎಲ್ಲ ಕೇಳಿದಳು. ಗಂಡನ ಕಿವಿ ಒರೆಸುತ್ತ ಅಂದಳು: "ಆಕಳಿಸಿ ಆಕಳಿಸಿ ನಿಮ್ಮನ್ನ ತಿದ್ದಿದವಳು ನಾನು. ಹೆಸರು ತಗೊಳ್ಳೋನು ಅವನಾ? ಏಳಿ, ಆ ಕಾಗದ ಕೊಟ್ಟು ಬನ್ನಿ."

ಮಾತು ಬಿಡುವ ಪರೀಕ್ಷೆ ಕೆಟ್ಟಿತ್ತು, ನಾಳೆ ಬೇರೇನಾದರೂ ಬರೆದುಕೊಟ್ಟರಾಯಿತು. ಮೇಷ್ಟ್ರು ಕಾಗದದ ಕೊನೆಗೆ 'ಈ ವಾರದಿಂದಲೇ, ತಪ್ಪದೆ' ಎಂದು ದಪ್ಪಕ್ಷರದಲ್ಲಿ, ಈ ಸಲ ಎಲ್ಲರಿಗೂ ಓದಲು ಬರುವಂತೆ ಸೇರಿಸಿದರು. ಹುಡುಗಾಟದ ವಯಸ್ಸಿನವರಂತೆ ಬಿರಬಿರನೆ ನಡೆದು, ಪತ್ರಿಕೆಯ ಕಚೇರಿಯ ಬಾಗಿಲಲ್ಲಿದ್ದ ಬೀಗ ಹಾಕಿದ ಪೆಟ್ಟಿಗೆಯ ಬಾಯಿಗೆ ಲಕೋಟೆ ಇಟ್ಟರು.

ಅಷ್ಟರಲ್ಲಿ ಒಳಗಿನಿಂದ ಔಷಧಿ ಅಂಗಡಿಯವನು ಬಂದ.

"ಓಹೋ ಮೇಷ್ಟ್ರೇ! ನೀವ್ಯಾಕೆ ಎದ್ದು ಬಂದ್ರಿ? ನಿಮ್ಮ ಜಾಗ ಖಾಲಿ ಬೀಳಬಾರ್ದು ಅಂತ ಈ ವಾರದ್ದು ನಾನೇ ಬರೆದು ಕೊಟ್ಟೆ. ನೀವು ಕಳಿಸಿದ್ದು ಅಂದೆ, ಸಂಪಾದಕ್ರು ಕಣ್ಣೂ ಆಡಿಸ್ದೆ ಅಚ್ಚಿಗೆ ಕಳಿಸಿದ್ರು. 'ಕಿವಿಗೆ ಈರುಳ್ಳಿ ರಸ, ಬಿದ್ದ ಮಾತು ವಾಪಸ್!' ಹೇಗೂ ಹೆಸರು ಹಾಕಲ್ವಲ್ಲ, ಯಾರು ಬರೆದ್ರೇನು?"

ಮೇಷ್ಟ್ರು ಲಕೋಟೆಯನ್ನು ಹಿಂದಕ್ಕೆಳೆಯಲು ಹೋದರು. ಬೆವರಿದ ಬೆರಳಿನಿಂದ ಅದು ಜಾರಿ, ಪೆಟ್ಟಿಗೆಯ ತಳಕ್ಕೆ ಬಿತ್ತು.