ಏಳನೇ ಕೊಠಡಿಯ ಸನ್ನೆ

ಅವತ್ತಿನ ಅನಾಹುತಕ್ಕೆಲ್ಲ ಕಾರಣ ಒಂದು ನಿಂಬೆಹಣ್ಣು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಬೆಳಿಗ್ಗೆ ಎದ್ದವನೇ ಆ ನಿಂಬೆಹಣ್ಣನ್ನು ಹಿಂಡಿ, ಸಕ್ಕರೆ ಬೆರೆಸಿ, ಗಟಗಟನೆ ಕುಡಿದುಬಿಟ್ಟ ಗಂಡ.

“ಅಯ್ಯೋ, ಅದು ನಿಂದಾ? ಬ್ಯಾಗಿನ ಪಕ್ಕ ಸುಮ್ನೆ ಕೂತಿತ್ತಲ್ಲ!” ಎಂದ ಆ ಮಹಾಶಯ, ಮೀಸೆ ಒರೆಸಿಕೊಳ್ಳುತ್ತ.

“ನಿಂಬೆಹಣ್ಣು ಸುಮ್ನೆ ಕೂರದೆ ಎದ್ದು ಹಾಡು ಹೇಳುತ್ತಾ?” ಎಂದು ರೇಗಿ ಡ್ರಾಯಿಂಗ್ ಮೇಡಂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಂಗಡಿಗೆ ಹೋಗಿ ಇನ್ನೊಂದು ತರಲು ಹೊತ್ತಿರಲಿಲ್ಲ. ಒಂಬತ್ತಕ್ಕೆ ಶಾಲೆಯಲ್ಲಿ ಗಣಿತದ ಪರೀಕ್ಷೆ; ಏಳನೇ ಕೊಠಡಿಗೆ ಅವರೇ ಮೇಲ್ವಿಚಾರಕಿ.

ಒಂದು ತಿಂಗಳಿಂದ ಆ ಹೆಂಗಸಿನ ಜೀವ ಹಿಡಿದಿಟ್ಟಿದ್ದೇ ನಿಂಬೆಹಣ್ಣು. ಸಾಬೂನಿನ ವಾಸನೆ ಬಂದರೆ ಹೊಟ್ಟೆ ತೊಳೆಸುತ್ತಿತ್ತು, ಸೀಮೆಸುಣ್ಣದ ವಾಸನೆ ಬಂದರೆ ತೊಳೆಸುತ್ತಿತ್ತು, ಕಟ್ಟಿಕೊಂಡ ಗಂಡ ಹತ್ತಿರ ಬಂದರಂತೂ ಕೇಳುವುದೇ ಬೇಡ. ಆಗೆಲ್ಲ ಕರವಸ್ತ್ರದಲ್ಲಿ ಸುತ್ತಿಟ್ಟ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಏನೂ ಆಗದವರಂತೆ ದಿನ ನೂಕುತ್ತಿದ್ದರು.

ನಾಳೆಗೆ ಹನ್ನೆರಡು ವಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಸ್ಕ್ಯಾನಿಂಗ್. ಅಲ್ಲಿಯವರೆಗೆ ಒಂದು ನರಪಿಳ್ಳೆಗೂ ಗೊತ್ತಾಗಕೂಡದೆಂದು ಅವರು ಹಟ ತೊಟ್ಟಿದ್ದರು. ಹಟಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಇದೇ ಸಂತೋಷವನ್ನು ಎರಡನೇ ತಿಂಗಳಲ್ಲೇ ಸ್ಟಾಫ್ ರೂಮಿನಲ್ಲಿ ಒಂದೇ ಒಂದು ಕಿವಿಗೆ ಹೇಳಿದ್ದರು. ಆ ಕಿವಿ ಟಾಂಟಾಂ ಮೇಡಂ ಅವರದು. ಸಂಜೆಯೊಳಗೆ ಶಾಲೆಗೆಲ್ಲ, ಮಾರನೆಯ ದಿನ ಬೀದಿಗೆಲ್ಲ ಗೊತ್ತಾಯಿತು. ಮೂರನೇ ತಿಂಗಳಿಗೆ ಬಸಿರು ನಿಲ್ಲಲಿಲ್ಲ. ಆಮೇಲೆ ಸಮಾಧಾನ ಹೇಳಲು ಬಂದವರ ಸಾಲು ಹದಿನೈದು ದಿನವಾದರೂ ಮುಗಿಯಲಿಲ್ಲ. ಹಾಲು ಹಾಕುವವನೂ “ಬೇಜಾರ್ ಮಾಡ್ಕೋಬೇಡಿ ಅಕ್ಕಾ” ಎಂದು ಕಣ್ಣೊರೆಸಿಕೊಂಡಿದ್ದ. ಬಂದವರನ್ನೆಲ್ಲ ಕೂರಿಸಿ ಮಾತಾಡಿಸುವುದರಲ್ಲಿ ಪಾಪ, ಒಬ್ಬರೇ ಕೂತು ಅಳುವುದಕ್ಕೆ ಅವರಿಗೆ ಪುರುಸೊತ್ತೇ ಸಿಗಲಿಲ್ಲ. ಈ ಸಲ ಸುಖವಾದರೆ ಊರಿಗೆಲ್ಲ ಹೇಳುವುದು, ದುಃಖವಾದರೆ ಬಾಗಿಲು ಹಾಕಿಕೊಂಡು ಅಳುವುದು ಎಂದು ತೀರ್ಮಾನಿಸಿದ್ದರು. ಇನ್ನೊಂದೇ ದಿನ ಬಾಕಿ ಇತ್ತು.

ಏಳನೇ ಕೊಠಡಿಯ ಬಾಗಿಲು ತೆರೆದರೆ, ಭಗವಂತಾ, ಬೆಂಚುಗಳಿಗೆಲ್ಲ ಹೊಸ ವಾರ್ನಿಷ್! ವಾಸನೆ ಬಂದು ಮುಖಕ್ಕೆ ಹೊಡೆಯಿತು. ಡ್ರಾಯಿಂಗ್ ಮೇಡಂ ಉಸಿರು ಬಿಗಿಹಿಡಿದು ಪ್ರಶ್ನೆಪತ್ರಿಕೆ ಹಂಚಿದರು. ಐವತ್ತು ಪ್ರಶ್ನೆ; ಒಂದೊಂದಕ್ಕೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ; ಸರಿಯಾದುದಕ್ಕೆ ಗುರುತು ಹಾಕಿದರಾಯಿತು. ಎರಡು ಗಂಟೆ ಮುಗಿಯುವ ತನಕ ಮೇಲ್ವಿಚಾರಕಿ ಹೊಸ್ತಿಲು ದಾಟುವಂತಿಲ್ಲ. ತೀರಾ ಆಗದಿದ್ದರೆ ಮೇಜಿನ ಮೇಲಿನ ಗಂಟೆ ಒತ್ತಬೇಕು, ಬದಲಿಯವರು ಬಂದು ನಿಲ್ಲುತ್ತಾರೆ. ಅವತ್ತಿನ ಬದಲಿ ಯಾರೆಂದು ಹೊಸದಾಗಿ ಹೇಳಬೇಕೆ? ಟಾಂಟಾಂ ಮೇಡಂ. ಶಾಲೆಯ ಮೈಕೂ ಅವರ ವಶದಲ್ಲೇ ಇತ್ತು. ಮೈಕಿಲ್ಲದಿದ್ದರೂ ಅವರಿಗೆ ನಡೆಯುತ್ತಿತ್ತು, ಆ ಮಾತು ಬೇರೆ.

ಐದು ನಿಮಿಷವಾಗಿರಲಿಲ್ಲ, ಹೊಟ್ಟೆಯಿಂದ ಒಂದು ಅಲೆ ಎದ್ದಿತು. ಡ್ರಾಯಿಂಗ್ ಮೇಡಂ ಗಬಕ್ಕನೆ ಬಾಯಿ ಮುಚ್ಚಿಕೊಂಡರು. ಮೂವತ್ತೆರಡು ತಲೆಗಳು ಮೇಲೆದ್ದವು. ಅಲೆ ಇಳಿಯಿತು. ಮೂವತ್ತೆರಡು ತಲೆಗಳೂ ಬಗ್ಗಿದವು.

ಮತ್ತೆ ಬಂತು. ಈ ಸಲ ಹೊಟ್ಟೆ ಅದುಮಿಕೊಂಡರು. ಆಮೇಲೆ ಹಣೆ ಒತ್ತಿಕೊಂಡರು. ಅದಕ್ಕೂ ಬಗ್ಗದಾಗ ಕಿಟಕಿಗೆ ಓಡಿ ನಾಲ್ಕು ಗುಟುಕು ಗಾಳಿ ಕುಡಿದು ಬಂದರು. ಹೀಗೆ ಬಾಯಿ, ಹೊಟ್ಟೆ, ಹಣೆ, ಕಿಟಕಿ ಎಂದು ಸರದಿಯ ಮೇಲೆ ಜೀವ ಉಳಿಸಿಕೊಳ್ಳುತ್ತಿದ್ದವರಿಗೆ, ಮಕ್ಕಳು ತಮ್ಮನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿರುವುದೂ ಕಂಡಿತು. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಹೀಗೆ ಒಂದು ದಿನವಾದರೂ ನೋಡಿದ್ದುಂಟೇ ಈ ಪಿಶಾಚಿಗಳು ಎಂದುಕೊಂಡರು. ಅದಕ್ಕಿಂತ ಹೆಚ್ಚು ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಬಾಗಿಲಲ್ಲಿ ಟಾಂಟಾಂ ಮೇಡಂ ಇಣುಕಿದರು.

“ಏನ್ರೀ, ಮುಖ ಸುಣ್ಣ ಬಳಿದಂಗಿದೆ! ಹತ್ತು ನಿಮಿಷ ನಾನ್ ನಿಲ್ತೀನಿ, ಹೋಗ್ಬನ್ನಿ.”

“ಬೇಡ, ಚೆನ್ನಾಗೇ ಇದೀನಿ.”

“ಚೆನ್ನಾಗಿರೋರು ಹೀಗೆ ಬಾಗಿಲು ತಬ್ಕೊಂಡು ನಿಲ್ತಾರಾ?”

“ಬಾಗಿಲು ಗಟ್ಟಿಯಾಗಿದೆಯಾ ಅಂತ ನೋಡ್ತಿದ್ದೆ.”

ಟಾಂಟಾಂ ಮೇಡಂ ಮೇಲಿಂದ ಕೆಳಗೆ ಒಂದು ಸಲ ನೋಡಿ ಹೋದರು. ಕಾಲು ಗಂಟೆಯಲ್ಲಿ ಆ ಮುಖ ಮತ್ತೆ ಪ್ರತ್ಯಕ್ಷವಾಯಿತು.

“ರೀ, ನನ್ ಬ್ಯಾಗಲ್ಲಿ ಒಂದು ನಿಂಬೆಹಣ್ಣಿದೆ. ಕೊಡ್ಲಾ?”

ನಿಂಬೆಹಣ್ಣು! ಆ ಹೆಸರು ಕೇಳಿಯೇ ಡ್ರಾಯಿಂಗ್ ಮೇಡಂ ಬಾಯಲ್ಲಿ ನೀರೂರಿತು. ಅದೊಂದಕ್ಕಾಗಿ ಆಗ ಅವರು ಕೈಯ ಬಳೆ ಬಿಚ್ಚಿಕೊಡಲೂ ತಯಾರಿದ್ದರು. ಆದರೆ ತೆಗೆದುಕೊಂಡರೆ ಮುಗಿಯಿತು, ಬಾಯಿಬಿಟ್ಟು ಹೇಳಿದ ಹಾಗೆಯೇ. ಇವಳು ಗಾಳ ಹಾಕುತ್ತಿದ್ದಾಳೆ ಎಂದು ಒಳಗೇ ಹಲ್ಲು ಕಚ್ಚಿದರು.

“ನಿಂಬೆಹಣ್ಣಾ? ನಂಗ್ಯಾಕ್ರೀ? ನಂಗದರ ವಾಸನೇನೇ ಆಗಲ್ಲ,” ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಸುಳ್ಳು ಹೇಳಿದರು.

ಆ ಹೊತ್ತಿಗೇ ಹಿಂದಿನ ಬಾಗಿಲು ದಡಾರನೆ ತೆರೆಯಿತು. ಬಂದವರು ತಪಾಸಣೆಯ ಅಧಿಕಾರಿಣಿ. ನೆಟ್ಟಗೆ ನಿಂತ ಅಳತೆಪಟ್ಟಿಯಂಥ ಹೆಂಗಸು. ಹತ್ತು ನಿಮಿಷದಿಂದ ಬಾಗಿಲ ಗಾಜಿನಾಚೆ ನಿಂತು ಎಲ್ಲವನ್ನೂ ನೋಡಿದ್ದರು.

“ಯಾರೂ ಪೆನ್ ಮುಟ್ಬೇಡಿ!” ಎಂದವರೇ ಉತ್ತರಪತ್ರಿಕೆಗಳನ್ನು ಬಾಚಿಕೊಂಡರು. ಮೊದಲ ಬೆಂಚಿನ ಕನ್ನಡಕದ ಹುಡುಗಿಯ ಪ್ರಶ್ನೆಪತ್ರಿಕೆ ತಿರುವಿದರು. ಬೆಂಚಿನಿಂದ ಬೆಂಚಿಗೆ ಸುತ್ತಿ ಬಂದಿದ್ದ ಅದರ ಹಿಂದುಗಡೆ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ಬಾಯಿ ಎ, ಹೊಟ್ಟೆ ಬಿ, ಹಣೆ ಸಿ, ಕಿಟಕಿ ಡಿ.

ಡ್ರಾಯಿಂಗ್ ಮೇಡಂಗೆ ನಿಂತ ನೆಲ ಕುಸಿದಂತಾಯಿತು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮುಖ್ಯೋಪಾಧ್ಯಾಯರು ಕರವಸ್ತ್ರದಿಂದ ಬೋಳುತಲೆ ಒರೆಸಿಕೊಳ್ಳುತ್ತ ಮೂಲೆಯಲ್ಲಿ ಕೂತಿದ್ದರು.

“ಮೂವತ್ತೆರಡು ಮಕ್ಕಳು, ಹದಿನೆಂಟು ಪ್ರಶ್ನೆ, ಎಲ್ಲರದೂ ಒಂದೇ ಉತ್ತರ. ಏನ್ ಹೇಳ್ತೀರಿ?” ಎಂದರು ಅಧಿಕಾರಿಣಿ.

“ನಾನು ಯಾವ ಸನ್ನೇನೂ ಮಾಡಿಲ್ಲ ಮೇಡಂ. ಬೇಕಾದ್ರೆ ಉತ್ತರ ತಾಳೆ ಹಾಕಿ ನೋಡಿ.”

ತಾಳೆ ಹಾಕಿದರು. ಹದಿನೆಂಟರಲ್ಲಿ ಸರಿಯಿದ್ದದ್ದು ಎರಡು.

“ನೋಡಿ!” ಎಂದು ಡ್ರಾಯಿಂಗ್ ಮೇಡಂಗೆ ಹೋದ ಜೀವ ಬಂತು. “ಯಾವ ಟೀಚರಾದ್ರೂ ತಪ್ಪು ಉತ್ತರ ಹೇಳ್ಕೊಡ್ತಾರಾ?”

“ನೀವು ಕಲಿಸೋದು ಯಾವ ವಿಷಯ?”

“ಡ್ರಾಯಿಂಗು.”

“ಮತ್ತೆ? ಡ್ರಾಯಿಂಗಿನವರು ಗಣಿತ ಹೇಳ್ಕೊಟ್ರೆ ಹದಿನೆಂಟಕ್ಕೆ ಎರಡೇ ಬರೋದು.”

ಮುಖ್ಯೋಪಾಧ್ಯಾಯರು ಹೌದೆಂಬಂತೆ ತಲೆಯಾಡಿಸಿದರು. ಅಧಿಕಾರಿಣಿ ಪೆನ್ನಿನ ಮುಚ್ಚಳ ತೆಗೆದರು. ಸಹಿ ಬಿದ್ದರೆ ಕೆಲಸ ಹೋಯಿತು. ಹನ್ನೊಂದು ವರ್ಷದ ಕೆಲಸ. ಡ್ರಾಯಿಂಗ್ ಮೇಡಂ ಬಾಗಿಲ ಕಡೆ ನೋಡಿದರು. ಟಾಂಟಾಂ ಮೇಡಂ ಇರಲಿಲ್ಲ. ಸೋತು, ಮೆಲ್ಲಗೆ, ತಮಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

“ನಂಗೆ ನಾಳೆಗೆ ಹನ್ನೆರಡು ವಾರ ಮೇಡಂ. ವಾಂತಿ ತಡಕೋತಿದ್ದೆ.”

“ಡಾಕ್ಟರ ಚೀಟಿ?”

ಚೀಟಿ ಯಾರ ಕಣ್ಣಿಗೂ ಬೀಳದಂತೆ ಮನೆಯ ಬೀರುವಿನಲ್ಲಿ ಬಟ್ಟೆಗಳ ಅಡಿ ಭದ್ರವಾಗಿತ್ತು. ಅಧಿಕಾರಿಣಿ ಮುಖ ದಿಟ್ಟಿಸಲು ಹತ್ತಿರ ಬಾಗಿದರು. ಅವರು ಹಚ್ಚಿಕೊಂಡಿದ್ದ ಸೆಂಟು ಡ್ರಾಯಿಂಗ್ ಮೇಡಂ ಮೂಗಿಗೆ ನುಗ್ಗಿತು. ಬೆಳಿಗ್ಗೆಯಿಂದ ಕಟ್ಟಿ ಹಾಕಿದ್ದೆಲ್ಲ ಒಂದೇ ಏಟಿಗೆ ಕಸದ ಬುಟ್ಟಿಗೆ ಬಂತು. ಸ್ವಲ್ಪ ಅಧಿಕಾರಿಣಿಯ ಬೂಟಿಗೂ ಬಂತು.

“ಸಾಕು,” ಎಂದರು ಅಧಿಕಾರಿಣಿ ಕಾಲು ಹಿಂದಕ್ಕೆಳೆದು. “ನಂಬಿದೆ.”

ಪೆನ್ನಿನ ಮುಚ್ಚಳ ಹಾಕಿದರು. ಡ್ರಾಯಿಂಗ್ ಮೇಡಂ ಮುಖ ತೊಳೆದು ಬಂದು, ಅಬ್ಬ, ಇಬ್ಬರಿಗಷ್ಟೇ ಗೊತ್ತಾಗಿದ್ದು ಎಂದು ಉಸಿರು ಬಿಡುವಷ್ಟರಲ್ಲಿ ಮುಚ್ಚಳ ಮತ್ತೆ ತೆರೆದುಕೊಂಡಿತು.

“ನಿಮ್ಮ ಮೇಲೆ ಕ್ರಮ ಇಲ್ಲ. ಆದ್ರೆ ಏಳನೇ ಕೊಠಡಿಗೆ ಮರುಪರೀಕ್ಷೆ ಆಗ್ಬೇಕು. ಯಾಕೆ ಅಂತ ಮೈಕಲ್ಲಿ ಹೇಳ್ಬೇಕು. ಹೊರಗೆ ಅಪ್ಪ ಅಮ್ಮಂದಿರು ಕಾಯ್ತಿದಾರೆ.”

“ಕಾರಣ ಯಾಕೆ ಮೇಡಂ, ದಮ್ಮಯ್ಯ!”

“ಹೇಳದಿದ್ರೆ ಇಲ್ಲದ ಸುದ್ದಿ ಹಬ್ಬುತ್ತೆ. ಅದಕ್ಕೇ ನಿಯಮ ಇರೋದು.” ಅಧಿಕಾರಿಣಿ ನಾಲ್ಕು ಸಾಲು ಬರೆದು ಟಾಂಟಾಂ ಮೇಡಂ ಅವರನ್ನು ಕರೆಸಿದರು.

ಟಾಂಟಾಂ ಮೇಡಂ ಬಂದು ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಮಡಚಿ ಮೇಜಿನ ಮೇಲೆ ವಾಪಸ್ಸಿಟ್ಟರು.

“ಇದನ್ನ ನಾನ್ ಓದಲ್ಲ,” ಎಂದರು. ಕಣ್ಣಲ್ಲಿ ನೀರು ದಳದಳ ಇಳಿಯಿತು. “ನಿಮ್ಮ ವಿಷಯ ನಂಗೆ ಒಂದು ತಿಂಗಳಿಂದ ಗೊತ್ತು ಕಣ್ರೀ. ನನ್ ಗಂಡನಿಗೂ ಹೇಳಿಲ್ಲ. ಹೋದ ಸಲ ನನ್ ಬಾಯಿಂದ ನಿಮಗಾಗಿದ್ದು ನೋಡಿ ನಂಗೆ ಇವತ್ತಿಗೂ ನಿದ್ದೆ ಇಲ್ಲ. ನೀವು ಮರೆತು ಬಂದ್ರೆ ಇರ್ಲಿ ಅಂತ ದಿನಾ ಒಂದು ನಿಂಬೆಹಣ್ಣು ಹೊತ್ಕೊಂಡು ತಿರುಗ್ತಿದೀನಿ. ಇವತ್ತು ಕೊಡೋಕೆ ಬಂದ್ರೆ ಬೇಡ ಅಂದ್ರಿ!”

ಬ್ಯಾಗಿನಿಂದ ಹಳದಿ ಹಣ್ಣು ತೆಗೆದು ಡ್ರಾಯಿಂಗ್ ಮೇಡಂ ಕೈಗಿಟ್ಟರು. ಡ್ರಾಯಿಂಗ್ ಮೇಡಂಗೆ ಆ ಹೆಂಗಸನ್ನು ತಬ್ಬಿಕೊಳ್ಳಬೇಕೋ, ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಆ ಗಂಟೆಯನ್ನು ಒಂದು ಸಲ ಒತ್ತಿದ್ದರೆ ಸಾಕಿತ್ತು.

“ಮೈಕಿನವರು ಓದದಿದ್ರೆ,” ಎಂದರು ಅಧಿಕಾರಿಣಿ, ನಿಯಮದ ಪುಸ್ತಕದ ಪುಟ ತಿರುವಿ, “ಸಂಬಂಧಪಟ್ಟ ಮೇಲ್ವಿಚಾರಕಿಯೇ ಓದ್ಬೇಕು.”

ಹೊರಗೆ ಮೈದಾನದಲ್ಲಿ ಇಡೀ ಶಾಲೆ ಸಾಲಾಗಿ ಕೂತಿತ್ತು. ಗೇಟಿನ ಬಳಿ ಅಪ್ಪ ಅಮ್ಮಂದಿರು, ಅವರಲ್ಲಿ ಅರ್ಧಕ್ಕರ್ಧ ಅದೇ ಬೀದಿಯವರು. ಡ್ರಾಯಿಂಗ್ ಮೇಡಂ ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಮೈಕಿನ ಮುಂದೆ ನಿಂತರು.

“ಏಳನೇ ಕೊಠಡಿಯ ಮೇಲ್ವಿಚಾರಕಿಯವರು ಗರ್ಭಿಣಿಯಾಗಿದ್ದು, ಅವರ ವಾಕರಿಕೆಯನ್ನು ವಿದ್ಯಾರ್ಥಿಗಳು ಉತ್ತರವೆಂದು ಭಾವಿಸಿದ್ದರಿಂದ ಪರೀಕ್ಷೆಯನ್ನು ರದ್ದುಪಡಿಸಲಾಗಿದೆ.” ಗೇಟಿನ ಬಳಿ ಗುಜುಗುಜು ಎದ್ದಿತು. “ಮರುಪರೀಕ್ಷೆಯು ನಾಳೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಅದೇ ಕೊಠಡಿಯಲ್ಲಿ, ಅದೇ ಮೇಲ್ವಿಚಾರಕಿಯವರ...”

ನಾಳೆ ಹತ್ತಕ್ಕೆ ಸ್ಕ್ಯಾನಿಂಗ್. ಅದು ನೆನಪಾಗಿದ್ದೇ ತಡ, ಹೊಟ್ಟೆಯಿಂದ ಅಲೆ ಎದ್ದು ಬಂತು. ಚೀಟಿ ಕೆಳಗೆ ಬಿತ್ತು, ನಿಂಬೆಹಣ್ಣು ಉರುಳಿಹೋಯಿತು. ಡ್ರಾಯಿಂಗ್ ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಮೈದಾನದ ನಡುವಿನಿಂದ ಮೂವತ್ತೆರಡು ಮಕ್ಕಳು ಒಕ್ಕೊರಲಿನಿಂದ ಕೂಗಿದರು:

“ಎ!”